ಎಡಗೈಗೆ ಬಿಡುವು ಕೊಟ್ಟ ಕ್ಲಚ್

ಕಲ್ಲು, ಮರಳು, ಕಾಡುದಾರಿಗಳಲ್ಲಿ ಓಡುವ ಬೈಕುಗಳ ಚರಿತ್ರೆಯಲ್ಲಿ ಅಮೆರಿಕದ ಬಾಯ್ಸಿ ಎಂಬ ಊರು ಎರಡು ಸಲ ಬರುತ್ತದೆ. ಐಡಾಹೊ ರಾಜ್ಯದ ರಾಜಧಾನಿ ಇದು. ಎರಡೂ ಸಲ ಬಂದದ್ದು ಒಂದೇ ಕಾರಣಕ್ಕೆ: ತಾನೇ ಹಿಡಿದು ತಾನೇ ಬಿಡುವ ಆಟೊಮ್ಯಾಟಿಕ್ ಕ್ಲಚ್. 1960ರ ಆಸುಪಾಸಿನಲ್ಲಿ ಹರ್ಬ್ ಊಲ್ ಎಂಬ ಹೋಂಡಾ ಡೀಲರ್ ಇಲ್ಲಿ ಒಂದು ಕೆಲಸ ಮಾಡಿದ. 2002ರಲ್ಲಿ ಆಲ್ ಯಂಗ್‌ವರ್ತ್ ಇಲ್ಲೇ ರೆಕ್ಲೂಸ್ ಎಂಬ ಕಂಪನಿ ಶುರು ಮಾಡಿದ. ಚಿಪ್ ಕಾರ್ಖಾನೆಯ ಕೆಲಸಕ್ಕೆಂದು ಮೂಡಿಗೆರೆ ಕಡೆಯಿಂದ ಬಂದು ಈ ಊರಿನಲ್ಲಿ ನೆಲೆ ನಿಂತವನು ನಾನು. ರಜಾ ದಿನ ಬಂತೆಂದರೆ ಇಲ್ಲಿನ ಗುಡ್ಡಗಳಲ್ಲಿ ಡರ್ಟ್ ಬೈಕ್ ಓಡಿಸುತ್ತೇನೆ. ನನ್ನ ಗಾಡಿಯಲ್ಲೂ ಇದೇ ಊರಿನಲ್ಲಿ ಹುಟ್ಟಿದ ಕ್ಲಚ್ ಇದೆ.

ಡರ್ಟ್ ಬೈಕಿನವರು ನಾಲ್ಕು ಜನ ಸೇರಿದರೆ ಒಂದು ಮಾತು ಎದ್ದೇ ಏಳುತ್ತದೆ. ಆಟೊಮ್ಯಾಟಿಕ್ ಕ್ಲಚ್ ಹಾಕಿಸಿಕೊಂಡವನಿಗೆ ಸರಿಯಾಗಿ ಓಡಿಸಲು ಬರುವುದಿಲ್ಲ, ಅದು ಮೋಸದ ಆಟ ಎಂಬ ಮಾತು. ಅದನ್ನು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಈ ಕ್ಲಚ್ಚಿನ ಹಿಂದಿನ ಕತೆ ಗೊತ್ತಿರುವ ಯಾರೂ ಹಾಗೆ ಹೇಳಲಾರರು. ಎಡಗೈಗೆ ಬೇರೊಂದು ಕೆಲಸ ಇದ್ದವರಿಗಾಗಿ ಹುಟ್ಟಿದ ವಸ್ತು ಅದು.

ಕತೆ ಶುರುವಾಗುವುದು ಜಪಾನಿನಲ್ಲಿ. ಅಲ್ಲಿನ ಸೋಬಾ ಅಂಗಡಿಗಳ ಹುಡುಗರು ಒಂದು ಕೈಯಲ್ಲಿ ನೂಡಲ್ಸ್ ಬಟ್ಟಲುಗಳನ್ನು ಹೊತ್ತು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಮನೆಮನೆಗೆ ಊಟ ತಲುಪಿಸುತ್ತಿದ್ದರು. ಅವರು ಓಡಿಸಬಲ್ಲ ಗಾಡಿ ಬೇಕೆಂದು ಸೊಯಿಚಿರೊ ಹೋಂಡಾ ಹಟ ಹಿಡಿದರು. 1958ರ ಆಗಸ್ಟಿನಲ್ಲಿ ಸೂಪರ್ ಕಬ್ ಸಿ100 ಬಂತು: 49 ಸಿಸಿ ಎಂಜಿನ್, ನಾಲ್ಕೂವರೆ ಕುದುರೆಶಕ್ತಿ, ಮೂರು ಗೇರ್. ಕ್ಲಚ್ ಲಿವರ್ ಇಲ್ಲ. ಎಂಜಿನ್ ವೇಗ ಏರಿದಂತೆ ಒಳಗಿನ ತೂಕಗಳು ಹೊರಕ್ಕೆ ಸರಿದು ಪ್ಲೇಟುಗಳನ್ನು ಒತ್ತುತ್ತವೆ, ಗಾಡಿ ಹೊರಡುತ್ತದೆ. ಐಡ್ಲಿಂಗಿಗೆ ಇಳಿದರೆ ಅವೇ ತೂಕಗಳು ಹಿಂದೆ ಸರಿದು ಪ್ಲೇಟುಗಳು ಸಡಿಲವಾಗುತ್ತವೆ. ಗೇರ್ ಬದಲಿಸಲು ಪೆಡಲ್ ತುಳಿದರೆ ಅದೇ ತುಳಿತ ಕ್ಲಚ್ಚನ್ನೂ ಬಿಡಿಸುತ್ತದೆ. ಹೋಂಡಾದವರು ಇನ್ನೊಂದು ಜಾಣತನವನ್ನೂ ಮಾಡಿದ್ದರು. ಕ್ಲಚ್ಚಿನೊಳಗೆ ಓರೆ ಹಲ್ಲುಗಳ ಒಂದು ಜೋಡಣೆ ಇಟ್ಟು, ಚಕ್ರವೇ ಎಂಜಿನ್ನನ್ನು ತಿರುಗಿಸಹೊರಟಾಗ ಪ್ಲೇಟುಗಳು ಬಿಗಿಯಾಗುವಂತೆ ನೋಡಿಕೊಂಡರು. ಹಾಗಾಗಿ ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ ಉಳಿಯಿತು. ಈ ಒಂದು ವಿಷಯವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬಂದ ಹಲವರು ಎಡವಿದ್ದು ಇಲ್ಲೇ.

1959ರಲ್ಲಿ ಹೋಂಡಾ ಅಮೆರಿಕಕ್ಕೆ ಬಂದು ಲಾಸ್ ಏಂಜಲೀಸಿನಲ್ಲಿ ಅಂಗಡಿ ತೆರೆಯಿತು. ಬಾಯ್ಸಿಯ ಹರ್ಬ್ ಊಲ್ ಆ ಪುಟ್ಟ ಗಾಡಿಗಳನ್ನು ತರಿಸಿ, ಹಿಂದೆ ದೊಡ್ಡ ಸ್ಪ್ರಾಕೆಟ್ ಕೂರಿಸಿ, ಬಟನ್ ಟೈರ್ ಹಾಕಿ ಮಾರತೊಡಗಿದ. ದೊಡ್ಡ ಸ್ಪ್ರಾಕೆಟ್ ಎಂದರೆ ವೇಗ ಕಡಿಮೆ, ಎಳೆತ ಜಾಸ್ತಿ. ನಾಲ್ಕೂವರೆ ಕುದುರೆಶಕ್ತಿಯ ಗಾಡಿ ಬೇಟೆಗಾರನನ್ನೂ ಅವನ ಗಂಟುಮೂಟೆಯನ್ನೂ ಹೊತ್ತು ಗುಡ್ಡ ಹತ್ತಿತು. ಲಾಸ್ ಏಂಜಲೀಸಿನ ಡೀಲರುಗಳೆಲ್ಲ ಸೇರಿ ಮಾರುವುದಕ್ಕಿಂತ ಹೆಚ್ಚು ಗಾಡಿ ಈ ಸಣ್ಣ ಊರಿನಲ್ಲಿ ಹೋಗುತ್ತಿರುವುದು ಕಂಪನಿಯ ಜಾಕ್ ಮೆಕಾರ್ಮಕ್ ಗಮನಕ್ಕೆ ಬಂತು. ಮಾದರಿ ಜಪಾನಿಗೆ ಹೋಯಿತು. 1961ರಲ್ಲಿ ಹೋಂಡಾ ತಾನೇ ಟ್ರೇಲ್ 50 ಎಂಬ ಗಾಡಿ ಹೊರತಂದಿತು.

ಕೊಂಡವರು ಬಹುಪಾಲು ಬೈಕ್ ಸವಾರರೇ ಅಲ್ಲ. ಜಿಂಕೆ ಬೇಟೆಗೆ ಹೋಗುವವರು, ತೊರೆಯಲ್ಲಿ ಮೀನು ಹಿಡಿಯುವವರು. ಕ್ಲಚ್ ಬಿಡುವ ಹದ ಕಲಿಯಲು ಅವರಿಗೆ ವ್ಯವಧಾನ ಇರಲಿಲ್ಲ, ಕಲಿಯಬೇಕಾದ ಅಗತ್ಯವೂ ಇರಲಿಲ್ಲ. ಪಕ್ಕದ ಯೂಟಾ ರಾಜ್ಯದಲ್ಲಿ ರಾಲ್ಫ್ ಬೋನ್‌ಹ್ಯಾಮ್ ಎಂಬಾತ ಟೋಟ್ ಗೋಟ್ ಎಂಬ ಗಾಡಿ ಕಟ್ಟಿದ್ದೂ ಬೇಟೆಗಾಗಿಯೇ. ಹೋಂಡಾದ ಟ್ರೇಲ್ ಸಾಲು ಮುಂದೆ 90 ಸಿಸಿಗೆ, 110 ಸಿಸಿಗೆ ಬೆಳೆಯಿತು. ಸಿಟಿ110 ಆಸ್ಟ್ರೇಲಿಯಾದ ಅಂಚೆಯವರ ಗಾಡಿಯಾಯಿತು. ಮನೆಯಿಂದ ಮನೆಗೆ ನಿಂತು ಹೊರಡುತ್ತ ಪೆಟ್ಟಿಗೆಗಳಿಗೆ ಕಾಗದ ಹಾಕುವವನಿಗೆ ಇದಕ್ಕಿಂತ ತಕ್ಕ ಗಾಡಿ ಇನ್ನೊಂದಿರಲಿಲ್ಲ.

ನಮ್ಮ ಕಡೆಯವರಿಗೆ ಇದು ಅಪರಿಚಿತ ಲೋಕವಲ್ಲ. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂದ ಮೇಲೆ ಮಲೆನಾಡಿನ ಕಾಫಿ ತೋಟದ ರೈಟರುಗಳು, ಹಾಲಿನ ಡೈರಿಯವರು, ಮೀನು ಮಾರುವವರು ಅದೇ ಬಗೆಯ ಕ್ಲಚ್ಚಿನ ಮೇಲೆ ಮಣ್ಣುದಾರಿ ಓಡಾಡಿದ್ದಾರೆ. ನನ್ನ ಸೋದರಮಾವ ಮೆಣಸಿನ ಚೀಲ ಹೇರಿಕೊಂಡು ತೋಟದ ಏರು ಹತ್ತುವಾಗ ಎಂಜಿನ್ ಸಾಲದೆ ಪೆಡಲ್ ತುಳಿಯುತ್ತಿದ್ದರು. ಮಳೆಗಾಲದಲ್ಲಿ ಎರಡೂ ಕಾಲು ಕೆಸರಿಗೆ ಊರಿ, ಎಕ್ಸಲೇಟರ್ ಮಾತ್ರ ತಿರುವುತ್ತ ಗಾಡಿಯನ್ನು ಮೆಲ್ಲಗೆ ನಡೆಸಿಕೊಂಡು ಬರುತ್ತಿದ್ದರು. ಅವರಿಗೆ ಓಡಿಸಲು ಬರುವುದಿಲ್ಲ ಎಂದು ಹೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ.

ಸಣ್ಣ ಎಂಜಿನ್ನಿಗೆ ಒಗ್ಗಿದ್ದು ದೊಡ್ಡ ಎಂಜಿನ್ನಿಗೆ ಅಷ್ಟು ಸುಲಭದಲ್ಲಿ ಒಗ್ಗಲಿಲ್ಲ. 1970ರ ದಶಕದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ರೋಕಾನ್ ಕಂಪನಿ ಆರ್‌ಟಿ340 ಎಂಬ ಗಾಡಿ ಮಾಡಿತು. ಹಿಮದ ಮೇಲೆ ಓಡುವ ಸ್ನೋಮೊಬೈಲಿನಂತೆ ಬೆಲ್ಟ್ ಮತ್ತು ಪುಲ್ಲಿಯ ವ್ಯವಸ್ಥೆ, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಎಂಜಿನ್. ಗೇರೂ ಇಲ್ಲ, ಕ್ಲಚ್ ಲಿವರೂ ಇಲ್ಲ. ಎಕ್ಸಲೇಟರ್ ಬಿಟ್ಟರೆ ಹಿಡಿದು ನಿಲ್ಲಿಸುವ ಎಂಜಿನ್ ಬ್ರೇಕ್ ಇಲ್ಲದ್ದರಿಂದ ಬ್ರೇಕುಗಳೇ ಎಲ್ಲ ಭಾರ ಹೊರಬೇಕಿತ್ತು. ಮುಂದೆಯೂ ಹಿಂದೆಯೂ ಡಿಸ್ಕ್ ಬ್ರೇಕ್ ಕೊಟ್ಟಿದ್ದರು. ಆ ಕಾಲದ ಡರ್ಟ್ ಬೈಕಿಗೆ ಅದು ಅಪರೂಪ.

ಇದೇ ಹೊತ್ತಿಗೆ ಸ್ವೀಡನ್ನಿನ ಹಸ್ಕ್ವರ್ನಾ ಇನ್ನೊಂದು ದಾರಿ ಹಿಡಿಯಿತು. ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಪ್ರಿಯವಾದ ಭಾಗ ಇದು. ಅಲ್ಲಿನ ಸೈನ್ಯಕ್ಕೆ ಕಡ್ಡಾಯ ಸೇವೆಗೆ ಬರುವ ಹುಡುಗರಲ್ಲಿ ಬೈಕ್ ಮುಟ್ಟದವರೂ ಇರುತ್ತಿದ್ದರು. ಚಳಿಗಾಲದಲ್ಲಿ ಹಿಮದ ಮೇಲೆ ಓಡಿಸಲು ಗಾಡಿಯ ಎರಡೂ ಬದಿಗೆ ಜಾರುವ ಸ್ಕೀ ಪಟ್ಟಿಗಳನ್ನು ಕಟ್ಟಿ, ಸವಾರ ಅವುಗಳ ಮೇಲೆ ಕಾಲಿಟ್ಟು ಸಮತೋಲ ಕಾಯ್ದುಕೊಳ್ಳುತ್ತಿದ್ದ. ಕಾಲು ಗೇರಿಗೆ ಸಿಗದು. ದಪ್ಪ ಕೈಗವಸಿನೊಳಗೆ ಮರಗಟ್ಟಿದ ಬೆರಳಿಗೆ ಕ್ಲಚ್ಚಿನ ಹದ ತಿಳಿಯದು. ಹಾಗಾಗಿ ಒಂದೊಂದು ಗೇರಿಗೂ ಅದರದೇ ತಿರುಗುವ ತೂಕದ ಕ್ಲಚ್ ಇಟ್ಟು, ವೇಗ ಏರಿದಂತೆ ಒಂದಾದ ಮೇಲೊಂದು ತಾನಾಗಿ ಹಿಡಿಯುವ ಗೇರ್‌ಬಾಕ್ಸ್ ಕಟ್ಟಿದರು. ಸೈನ್ಯಕ್ಕೆಂದು ಯೋಚಿಸಿದ್ದು ಮಾರುಕಟ್ಟೆಗೂ ಬಂತು: 360, 390, ಆಮೇಲೆ 420 ಸಿಸಿಯ ಆಟೊಮ್ಯಾಟಿಕ್‌ಗಳು. ಕೆಸರಿನ ಏರಿನಲ್ಲಿ ಎಂಜಿನ್ ಆಫ್ ಆಗುವ ಮಾತೇ ಇಲ್ಲ. ಆದರೆ ಎಕ್ಸಲೇಟರ್ ಬಿಟ್ಟರೆ ಗಾಡಿ ಎಂಜಿನ್ನಿನ ಹಂಗು ಕಳಚಿಕೊಂಡು ಸೈಕಲ್ಲಿನಂತೆ ಸುಮ್ಮನೆ ಉರುಳುತ್ತಿತ್ತು. ಇಳಿಜಾರಿನಲ್ಲಿ ಬರೀ ಬ್ರೇಕ್ ನಂಬಿ ಇಳಿಯಬೇಕು. ಆ ಕಾಲದ ಡ್ರಮ್ ಬ್ರೇಕ್ ಒದ್ದೆಯಾದರೆ ಗತಿಯೇನು ಎಂಬುದನ್ನು ತೊರೆ ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಮಕ್ಕಳ ಗಾಡಿಗಳಲ್ಲಿ ಮಾತ್ರ ಈ ಕ್ಲಚ್ ಯಾರ ತಕರಾರೂ ಇಲ್ಲದೆ ನೆಲೆಯೂರಿತು. ಯಮಹಾ 1981ರಲ್ಲಿ ತಂದ ಪಿಡಬ್ಲ್ಯು50 ಇಂದಿಗೂ ಪುಟಾಣಿಗಳ ಮೊದಲ ಗಾಡಿ.

ದೊಡ್ಡವರ ಗಾಡಿಯಲ್ಲಿ ಲಿವರನ್ನು ಕಿತ್ತುಹಾಕಿದ ಪ್ರಯೋಗಗಳು ಒಂದೊಂದಾಗಿ ಮೂಲೆಗೆ ಸರಿದಿದ್ದವು. 2002ರಲ್ಲಿ ಯಂಗ್‌ವರ್ತ್ ಆ ಹಾದಿ ಬಿಟ್ಟ. ಸಾಮಾನ್ಯ ಬೈಕಿನ ಕ್ಲಚ್ ಮನೆಯೊಳಗೇ ಕೂರುವ ಕಿಟ್ ಮಾಡಿ, ಲಿವರ್ ಇದ್ದಲ್ಲೇ ಇದ್ದು ಕೆಲಸ ಮಾಡುವಂತೆ ಬಿಟ್ಟ. ಅವನ ಮೊದಲ ಮಾದರಿಯಲ್ಲಿ ಉಕ್ಕಿನ ಗುಂಡುಗಳು ಓರೆ ದಾರಿಯಲ್ಲಿ ಹೊರಕ್ಕೆ ಉರುಳಿ ಪ್ಲೇಟುಗಳನ್ನು ಒತ್ತುತ್ತಿದ್ದವು. ನಂತರದ ಮಾದರಿಯಲ್ಲಿ, ನನ್ನ ಹಳೆಯ ಯಮಹಾ ಡಬ್ಲ್ಯುಆರ್250ರಲ್ಲಿರುವುದು ಇದೇ, ಪ್ಲೇಟುಗಳ ನಡುವೆ ಒಂದು ವಿಶೇಷ ಡಿಸ್ಕ್ ಇದೆ. ಅದರೊಳಗಿನ ಪುಟ್ಟ ಲೋಹದ ಬೆಣೆಗಳು ವೇಗಕ್ಕೆ ಹೊರಸರಿದಾಗ ಡಿಸ್ಕ್ ದಪ್ಪವಾಗುತ್ತದೆ, ಇಡೀ ಕಟ್ಟು ಬಿಗಿಯುತ್ತದೆ. ಯಾವ ವೇಗಕ್ಕೆ ಹಿಡಿಯಬೇಕೆಂಬುದನ್ನು ಸ್ಪ್ರಿಂಗ್ ಬದಲಿಸಿ ಹೊಂದಿಸಿಕೊಳ್ಳಬಹುದು.

ಇದನ್ನು ಹಾಕಿದವನ ಬಳಿ ಸದಾ ಒಂದು ರಬ್ಬರ್ ಬ್ಯಾಂಡ್ ಇರುತ್ತದೆ. ಎಂಜಿನ್ ಬಿಸಿ ಮಾಡಿಕೊಂಡು, ನ್ಯೂಟ್ರಲ್‌ನಲ್ಲಿಟ್ಟು, ರಬ್ಬರ್ ಬ್ಯಾಂಡನ್ನು ಕ್ಲಚ್ ಲಿವರಿಗೂ ಗ್ರಿಪ್ಪಿಗೂ ಸೇರಿಸಿ ಸಿಕ್ಕಿಸಬೇಕು. ಒಮ್ಮೆ ಚೆನ್ನಾಗಿ ರೇಸ್ ಕೊಟ್ಟರೆ, ಒಳಗೆ ಡಿಸ್ಕ್ ಹಿಗ್ಗಿದ ಗುರುತಾಗಿ, ಯಾರೂ ಮುಟ್ಟದ ಲಿವರಿನ ತುದಿ ಗ್ರಿಪ್ ಕಡೆಗೆ ಸುಮಾರು 3 ಮಿಲಿಮೀಟರ್ ಸರಿಯುತ್ತದೆ. ಅದಕ್ಕಿಂತ ಕಡಿಮೆ ಸರಿದರೆ ಕ್ಲಚ್ ಜಾರಿ ಪ್ಲೇಟ್ ಸುಡುತ್ತದೆ. ಜಾಸ್ತಿ ಸರಿದರೆ ಐಡ್ಲಿಂಗಿನಲ್ಲೇ ಎಳೆಯತೊಡಗುತ್ತದೆ. ಪ್ಲೇಟ್ ಸವೆದಂತೆ ಈ ಅಳತೆ ಬದಲಾಗುವುದರಿಂದ ಸವಾರಿಗೆ ಹೊರಡುವ ಮುನ್ನ ಪ್ರತಿ ಸಲ ನೋಡಲೇಬೇಕು. ಆಟೊಮ್ಯಾಟಿಕ್ ಎಂದರೆ ಗಮನ ಕೊಡಬೇಕಿಲ್ಲ ಎಂದು ಭಾವಿಸಿದವರ ಕ್ಲಚ್ಚುಗಳೇ ಹೆಚ್ಚು ಹಾಳಾಗುತ್ತವೆ.

ಬಾಯ್ಸಿಯ ದಕ್ಷಿಣಕ್ಕೆ ಒವೈಹೀ ಮರುಭೂಮಿಯ ಅಂಚಿನಲ್ಲಿ ಹೆಮಿಂಗ್ವೇ ಬ್ಯೂಟ್ ಎಂಬ ಗುಡ್ಡವಿದೆ, ಬೈಕಿನವರೆಲ್ಲ ಸೇರುವ ಜಾಗ. ಈ ಕ್ಲಚ್ಚಿನ ಲಾಭ ನಷ್ಟ ಎರಡೂ ಅಲ್ಲಿ ಒಂದೇ ಏರಿನಲ್ಲಿ ತಿಳಿಯುತ್ತವೆ. ಸಡಿಲ ಮಣ್ಣಿನ ಕಡಿದಾದ ಏರಿನ ಅರ್ಧದಲ್ಲಿ ಕಲ್ಲಿಗೆ ಮುಂಚಕ್ರ ಬಡಿದು ನಿಂತಿತೆನ್ನಿ. ಸಾಧಾರಣ ಕ್ಲಚ್ ಆದರೆ ಎಂಜಿನ್ ಆಫ್ ಆಗುತ್ತದೆ. ಕಾಲು ಊರಲು ನೆಲವಿಲ್ಲದ ಕಡೆ ಕಿಕ್ ಹೊಡೆಯಬೇಕು, ಎರಡು ಸಲ ಹೀಗಾದರೆ ಮೈಯ ಕಸುವೆಲ್ಲ ಮುಗಿಯುತ್ತದೆ. ಆಟೊಮ್ಯಾಟಿಕ್‌ನಲ್ಲಿ ಬ್ರೇಕ್ ಹಿಡಿದು ನಿಂತು, ಉಸಿರು ತೆಗೆದುಕೊಂಡು, ದಾರಿ ನೋಡಿ, ಎಕ್ಸಲೇಟರ್ ತಿರುವಿದರಾಯಿತು. ಆದರೆ ಅದೇ ಜಾಗದಲ್ಲಿ ಎಂಜಿನ್ ಬಂದ್ ಮಾಡಿದರೆ, ಗೇರಿನಲ್ಲಿದ್ದರೂ ಗಾಡಿ ನಿಲ್ಲದು, ಹಿಂದಕ್ಕೆ ಜಾರುತ್ತದೆ. ಗಾಡಿಯಿಂದ ಇಳಿದು ಪಕ್ಕದಲ್ಲಿ ನಿಂತು ಎತ್ತುವಾಗ ಗೇರಿನಲ್ಲಿರುವುದನ್ನು ಮರೆತು ಎಕ್ಸಲೇಟರ್ ಹಿಡಿದರೆ ಗಾಡಿ ನೆಗೆದುಬಿಡುತ್ತದೆ. ಹೊಸಬರಿಗೆ ನಾನು ಮೊದಲು ಹೇಳುವ ಎಚ್ಚರಿಕೆ ಇದೇ: ನಿಂತ ಕೂಡಲೇ ನ್ಯೂಟ್ರಲ್. ಗುಡ್ಡ ಇಳಿಯುವಾಗಲೂ ಎಂಜಿನ್ ಐಡ್ಲಿಂಗಿಗೆ ಬಿದ್ದರೆ ಕ್ಲಚ್ ಬಿಡುತ್ತದೆ. ಇಳಿಜಾರಿನ ತಲೆಯಲ್ಲಿ ಒಂದಿಷ್ಟು ರೇಸ್ ಕೊಟ್ಟು ಕ್ಲಚ್ ಹಿಡಿಸಿಕೊಂಡ ಮೇಲೆಯೇ ಇಳಿಯಬೇಕು. ಅಷ್ಟು ಕಲಿತರೆ ಎಂಜಿನ್ ಬ್ರೇಕ್ ಸಿಗುತ್ತದೆ. ಸ್ವೀಡನ್ನಿನ ಗಾಡಿಯಲ್ಲಿ ಎಷ್ಟು ಕಲಿತರೂ ಸಿಗುತ್ತಿರಲಿಲ್ಲ.

ಬಿದ್ದ ಮರದ ದಿಮ್ಮಿ ದಾಟಲು ಮುಂಚಕ್ರ ಎತ್ತಬೇಕಾದಾಗ ನಾನು ಈಗಲೂ ಲಿವರನ್ನೇ ಬಳಸುತ್ತೇನೆ. ಚುರುಕಿನ ಸವಾರರು ಬೆರಳ ತುದಿಯಲ್ಲಿ ಹಿಂಚಕ್ರಕ್ಕೆ ಕೊಡುವ ಶಕ್ತಿಯ ಹದವನ್ನು ತೂಕದ ಬೆಣೆಗಳು ಪೂರ್ತಿಯಾಗಿ ಕೊಡಲಾರವು ಎಂಬುದು ನಿಜ. ಆದ್ದರಿಂದ ಹೊಸದಾಗಿ ಕಲಿಯುವವರು ಲಿವರಿನಲ್ಲೇ ಕಲಿಯಲಿ ಎಂದು ನನ್ನ ಅಭಿಪ್ರಾಯ. ಪುಟಾಣಿ ಗಾಡಿಯಿಂದ ನೇರ 65 ಸಿಸಿಗೆ ಏರಿದ ಮಕ್ಕಳು ಕ್ಲಚ್ ಕಲಿಯಲು ಒದ್ದಾಡುವುದನ್ನು ಕಂಡಿದ್ದೇನೆ.

ಇನ್ನೊಂದು ಕಡೆ, ನಮ್ಮ ಗುಂಪಿನಲ್ಲಿ ಬಲಗಾಲಿನ ಪಾದ ಮಡಿಸಲಾಗದ ಒಬ್ಬರಿದ್ದಾರೆ. ಕಾಲಿನ ಬ್ರೇಕ್ ತುಳಿಯಲಾಗದೆ ಅವರು ಗಾಡಿ ಮಾರಲು ಹೊರಟಿದ್ದರು. ಆಟೊಮ್ಯಾಟಿಕ್ ಕ್ಲಚ್ ಹಾಕಿಸಿ, ಎಡಗೈ ಕಡೆ ಹಿಂದಿನ ಬ್ರೇಕಿನ ಲಿವರ್ ಜೋಡಿಸಿದರು. ಈಗ ಏರಿನಲ್ಲಿ ನನಗಿಂತ ಮುಂದೆ ಹೋಗಿ ಮೇಲೆ ಕಾಯುತ್ತಿರುತ್ತಾರೆ. ಮೋಸದ ಆಟ ಎನ್ನುವವರು ಅವರ ಮುಂದೆ ಬಂದು ಆ ಮಾತು ಹೇಳಲಿ.

ಲಿವರ್ ಇರಿಸಿಯೂ ಕೈಗೆ ಬಿಡುವು ಕೊಡಬಹುದೆಂಬ ಯಂಗ್‌ವರ್ತ್‌ನ ಲೆಕ್ಕಾಚಾರಕ್ಕೆ ಈಗ ದೊಡ್ಡವರೂ ಬಂದಿದ್ದಾರೆ. 2023ರಲ್ಲಿ ಹೋಂಡಾ ಮೋಟಾರುಗಳಿಂದ ಕ್ಲಚ್ ಎಳೆಯುವ ಇ-ಕ್ಲಚ್ ತೋರಿಸಿತು, ಮೊದಲು ರಸ್ತೆಯ ಬೈಕುಗಳಲ್ಲಿ. 1958ರಲ್ಲಿ ಲಿವರನ್ನು ತೆಗೆದುಹಾಕಿದ ಅದೇ ಕಂಪನಿ ಈ ಸಲ ಅದನ್ನು ಹಾಗೇ ಬಿಟ್ಟಿದೆ; ಸವಾರ ಯಾವ ಕ್ಷಣದಲ್ಲಾದರೂ ಹಿಡಿಯಬಹುದು.