ಜಂತಿಯ ಹೊಗೆಯಿಂದ ಡ್ರಮ್ಮಿನ ಹೊಗೆಗೆ: ಒಣಖಂಡದ ಬರೆಯದ ಚರಿತ್ರೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹಳೇ ಮನೆಗಳ ಅಡುಗೆಮನೆಯಲ್ಲಿ ನಿಂತು ಕತ್ತೆತ್ತಿ ನೋಡಿದರೆ ಜಂತಿ, ತೊಲೆ ಎಲ್ಲ ಕರ್ರಗೆ ಕಾಣುತ್ತವೆ. ಇಲ್ಲಣ ಜೋತುಬಿದ್ದಿರುತ್ತದೆ. ಅದು ಬರೀ ಕೊಳೆಯಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ ಒಲೆಯ ಮೇಲಿನ ಆ ಜಾಗವೇ ಮನೆಯ ಉಗ್ರಾಣ. ಬಿತ್ತನೆಗೆ ತೆಗೆದಿಟ್ಟ ತೆನೆ, ಹೀರೇಕಾಯಿ, ಸೋರೇಕಾಯಿ ಬೀಜ ಅಲ್ಲಿಯೇ ತೂಗುತ್ತಿದ್ದವು. ಹೊಗೆ ಆಡುವಲ್ಲಿ ಹುಳ ಸುಳಿಯುವುದಿಲ್ಲ.

ಖಂಡಕ್ಕೂ ಇದೇ ಉಪಾಯ. ಹೆಚ್ಚಿಗೆ ಉಳಿದದ್ದನ್ನು ಉದ್ದುದ್ದ ಕೊಯ್ದು, ಉಪ್ಪು ಅರಿಶಿನ ಹಚ್ಚಿ, ಬಿಸಿಲಿದ್ದ ಕಡೆ ಹಗ್ಗದ ಮೇಲೆ ಒಣಗಿಸುವುದು. ಮಳೆ ಹಿಡಿದ ಕಡೆ ಒಲೆಯ ಮೇಲೆ ತೂಗುಹಾಕುವುದು. ಸವಣೂರಿನಂಥ ಬಯಲಿಗೆ ಮೊದಲನೆಯದು ಸಾಕು. ಹಾನಗಲ್ಲಿನ ಪಶ್ಚಿಮಕ್ಕೆ, ಮಲೆನಾಡ ಸೆರಗಿಗೆ ಹೋದಂತೆ ಹೊಗೆಯ ಹಂಗು ಹೆಚ್ಚುತ್ತದೆ. ಇನ್ನೂ ಆಚೆ ಕೊಡಗಿನಲ್ಲಿ ಒಲೆಯ ಮೇಲೆ ಹೊಗೆಗೆ ಒಣಗಿಸಿದ ಹಂದಿಮಾಂಸ ಇಂದಿಗೂ ಹೆಮ್ಮೆಯ ಅಡುಗೆ. ನಮ್ಮ ಕಡೆ ಮಾತ್ರ ಒಣಖಂಡದ ಮಾತನ್ನು ದನಿ ತಗ್ಗಿಸಿ ಆಡುತ್ತೇವೆ. ಯಾಕೆ ಎನ್ನುವುದಕ್ಕೆ ನಮ್ಮ ಪುಸ್ತಕಗಳ ಕಡೆಯೇ ನೋಡಬೇಕು.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಹಾನಗಲ್ಲಿಗೆ ಪಾನುಂಗಲ್ಲು ಎಂದು ಹೆಸರು. ಅಲ್ಲಿನ ಕದಂಬರು ಚಾಲುಕ್ಯರ ಸಾಮಂತರು. ಚಾಲುಕ್ಯ ವಂಶದ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ‘ಮಾನಸೋಲ್ಲಾಸ’ ಬರೆದ. ಅದರ ಅನ್ನಭೋಗ ಭಾಗದಲ್ಲಿ ಮಾಂಸದಡುಗೆ ವಿಸ್ತಾರವಾಗಿದೆ: ಹಂದಿಯ ಕೂದಲನ್ನು ಬಿಸಿನೀರಿನಿಂದಲೋ ಹುಲ್ಲಿನ ಬೆಂಕಿಯಿಂದಲೋ ತೆಗೆಯುವುದು, ತುಂಡುಗಳನ್ನು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುವುದು, ಹುಳಿ ಸೇರಿಸುವುದು. ಅರಸನಿಗೆ ಇದನ್ನು ಬರೆಯಲು ನಾಚಿಕೆಯಾಗಲಿಲ್ಲ. ಆದರೆ ಬರೆದದ್ದು ಸಂಸ್ಕೃತದಲ್ಲಿ.

ಕನ್ನಡದಲ್ಲಿ ಏನಿದೆ? ಅದೇ ಚಾಲುಕ್ಯರ ಆಳ್ವಿಕೆಯಲ್ಲಿ, ಸುಮಾರು 1025ರಲ್ಲಿ ಚಾವುಂಡರಾಯ ‘ಲೋಕೋಪಕಾರ’ ಬರೆದ. ಸುಮಾರು 1508ರಲ್ಲಿ ಮಂಗರಸ ‘ಸೂಪಶಾಸ್ತ್ರ’ ಬರೆದ. ಎರಡರಲ್ಲೂ ಅಡುಗೆಯಿದೆ, ಮಾಂಸವಿಲ್ಲ. ಮಂಗರಸ ಜೈನ ಕವಿ, ಅವನು ಬರೆಯದಿದ್ದುದು ಸಹಜವೇ. ನಾವು ಅವರನ್ನು ದೂರುತ್ತಿಲ್ಲ. ಆದರೆ ಫಲ ಇದು: ಅರಸನ ಖಂಡ ಸಂಸ್ಕೃತದಲ್ಲಿ ಉಳಿಯಿತು, ಒಕ್ಕಲಿನವರ, ಕೇರಿಯವರ ಖಂಡ ಕನ್ನಡದ ಪುಸ್ತಕಕ್ಕೆ ಬರಲೇ ಇಲ್ಲ. ನೆರೆಯ ಮರಾಠವಾಡದ ದಲಿತ ಕೇರಿಗಳ ಊಟವನ್ನು, ಅಲ್ಲಿ ‘ಚಾನ್ಯಾ’ ಎನ್ನುವ ಒಣಮಾಂಸವನ್ನೂ ಸೇರಿಸಿ, ಶಾಹು ಪಾಟೋಳೆ ಮರಾಠಿಯಲ್ಲಿ ‘ಅನ್ನ ಹೇ ಅಪೂರ್ಣಬ್ರಹ್ಮ’ ಎಂಬ ಪುಸ್ತಕ ಮಾಡಿದ್ದು 2015ರಲ್ಲಿ. ನಮ್ಮ ನಾಲ್ಕು ತಾಲ್ಲೂಕಿನ ವಿದ್ಯೆ ಮಾತ್ರ ಅವ್ವ, ಆಯಿ, ದಾದಿಯರ ಕೈಯಲ್ಲೇ ಉಳಿದಿದೆ.

ಇಂಥ ಹೊತ್ತಿನಲ್ಲಿ ಹುಡುಗರು ಮೊಬೈಲಿನಲ್ಲಿ ವಿಡಿಯೋ ನೋಡಿ ‘ಆಫ್‌ಸೆಟ್ ಸ್ಮೋಕರ್’ ಎನ್ನುತ್ತಾರೆ. ಬೆಂಕಿ ಒಂದು ಪೆಟ್ಟಿಗೆಯಲ್ಲಿ, ಖಂಡ ಪಕ್ಕದ ಇನ್ನೊಂದರಲ್ಲಿ. ಉರಿ ತಾಗುವುದಿಲ್ಲ, ಬಿಸಿ ಮತ್ತು ಹೊಗೆ ಮಾತ್ರ ಅಡ್ಡಲಾಗಿ ಹಾಯ್ದು ಆಚೆ ತುದಿಯ ಚಿಮಣಿಯಿಂದ ಹೋಗುತ್ತವೆ. ಇದಕ್ಕೆ ಹೆಸರು ಬಂದಿದ್ದು ಅಮೆರಿಕದ ಟೆಕ್ಸಾಸಿನಲ್ಲಿ. 19ನೇ ಶತಮಾನದಲ್ಲಿ ಅಲ್ಲಿಗೆ ವಲಸೆ ಹೋದ ಜರ್ಮನ್, ಚೆಕ್ ಕಸಾಯಿಗಳು ಮಾರಿ ಉಳಿದ ಮಾಂಸಕ್ಕೆ ಹೊಗೆ ಹಾಕುತ್ತಿದ್ದರು. ಆಮೇಲೆ ವೆಲ್ಡರ್‌ಗಳು ತೈಲಬಾವಿಯ ದಪ್ಪ ಕೊಳವೆ ಕತ್ತರಿಸಿ ಈಗಿನ ರೂಪ ಕೊಟ್ಟರು.

ಹೆಸರು ಅವರದು, ಆದರೆ ಸೂತ್ರ ನಮಗೆ ಹೊಸದಲ್ಲ. ಸಾಲಾಗಿ ಕೊಪ್ಪರಿಗೆ ಇಟ್ಟ ಆಲೆಮನೆಯ ಒಲೆ ನೋಡಿ: ಒಂದು ತುದಿಗೆ ರವದಿ ತುರುಕುವ ಬಾಯಿ, ಇನ್ನೊಂದು ತುದಿಗೆ ಚಿಮಣಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ 1980ರ ದಶಕದಲ್ಲಿ ಹಳ್ಳಿಗಳಿಗೆ ತಂದ ಅಸ್ತ್ರ ಒಲೆಯೂ ಹೀಗೆಯೇ. ಮುಚ್ಚಿದ ಬೆಂಕಿಗೂಡು, ಅಡಿಗೆ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಚಿಮಣಿ. ಆ ಪಾತ್ರೆಗಳ ಜಾಗದಲ್ಲಿ ಖಂಡದ ಪೆಟ್ಟಿಗೆ ಇಟ್ಟರೆ ಅದೇ ಆಫ್‌ಸೆಟ್.

ಆದರೆ ಆ ಒಲೆಯಿಂದ ಇನ್ನೊಂದು ಆಯಿತು. ಚಿಮಣಿ ಬಂತು, ಹೊಗೆ ಮನೆ ಬಿಟ್ಟಿತು. 2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾಗಿ ಗ್ಯಾಸ್ ಸಿಲಿಂಡರ್ ಮನೆಮನೆಗೆ ಹರಡಿತು. ಜಂತಿಗೆ ತೂಗುಹಾಕುವ ಪದ್ಧತಿ ಸೊರಗಿತು. ಇದಕ್ಕೆ ಅಳುವವರು ಒಂದು ಮಾತು ನೆನಪಿಡಬೇಕು. ಖಂಡ ಒಣಗಿಸಿದ ಅದೇ ಹೊಗೆಯನ್ನು ದಿನಕ್ಕೆ ಎರಡು ಹೊತ್ತು ಉಸಿರಾಡಿದ್ದು ಹೆಂಗಸರು. ಕಣ್ಣುರಿ, ಕೆಮ್ಮು, ಉಬ್ಬಸ ಅವರ ಪಾಲಿಗೆ ಬಂದವು. ‘ಹಳೇದೇ ಚಂದಿತ್ತು’ ಎನ್ನುವುದು ಒಲೆ ಊದದವರ ಮಾತು.

ಡ್ರಮ್ಮಿನ ಹೊಗೆಗೂಡಿನ ನಿಜವಾದ ಬೆಲೆ ನಮಗೆ ಇಲ್ಲಿ ಕಾಣುತ್ತದೆ. ಅದು ಬೆಂಕಿಯನ್ನು ಖಂಡದಿಂದ ದೂರ ಇಡುತ್ತದೆ, ಹೊಗೆಯನ್ನು ಅಡುಗೆ ಮಾಡುವವರಿಂದಲೂ ದೂರ ಇಡುತ್ತದೆ. ಹಿತ್ತಲಲ್ಲಿ ಬಯಲಿಗೇ ಇಡಬೇಕು, ಒಳಗಲ್ಲ.

ಮಾಡಿಸುವವರಿಗೆ ಲೆಕ್ಕ ಇಷ್ಟು. 200 ಲೀಟರಿನ ಕಬ್ಬಿಣದ ಡ್ರಮ್ ಅಡ್ಡ ಮಲಗಿಸಿ, ಮೇಲ್ಭಾಗ ಕೊಯ್ದು ಬಿಜಾಗರಿ ಹಾಕಿ ಮುಚ್ಚಳ ಮಾಡಿಸಿ. ಬೆಂಕಿಗೂಡು ಅದರ ಮೂರನೇ ಒಂದು ಭಾಗ, ಅಂದರೆ 65-70 ಲೀಟರ್ ಇರಲಿ, ಡ್ರಮ್ಮಿಗಿಂತ ತುಸು ಕೆಳಗೆ ಪಕ್ಕಕ್ಕೆ ಜೋಡಿಸಲಿ. ಬಿಸಿ ಮೇಲೇರುತ್ತದಲ್ಲ, ಅದಕ್ಕೆ. ಬೆಂಕಿಗೂಡಿಗೆ ಗಾಳಿ ಬರುವ ಕಿಂಡಿಗೆ ಸರಿಸುವ ತಗಡು ಬೇಕು. ಉರಿಯ ಲಗಾಮು ಅದೇ. ಎರಡೂ ಕೂಡುವಲ್ಲಿ ಒಂದು ತಡೆತಗಡು ಇಟ್ಟರೆ ಆ ತುದಿಯ ಖಂಡ ಸೀಯುವುದಿಲ್ಲ. ಚಿಮಣಿ ಎದುರು ತುದಿಗೆ. ಕೀಟನಾಶಕ, ರಾಸಾಯನಿಕ ತುಂಬಿದ್ದ ಡ್ರಮ್ ಯಾವ ಕಾರಣಕ್ಕೂ ಬೇಡ. ಸತುವಿನ ಲೇಪವಿದ್ದ ಜಿ.ಐ. ತಗಡೂ ಬೇಡ, ಕಾದಾಗ ವಿಷದ ಹೊಗೆ ಬಿಡುತ್ತದೆ. ಖಾಲಿ ಡ್ರಮ್ಮಿನಲ್ಲಿ ಎಣ್ಣೆಯ ಆವಿ ಉಳಿದಿದ್ದರೆ ಕತ್ತರಿಸುವಾಗ ಸಿಡಿಯುತ್ತದೆ, ಚೆನ್ನಾಗಿ ತೊಳೆಸಿಯೇ ಕೊಡಿ. ಮೊದಲ ಸಲ ಖಂಡ ಇಡದೆ ಜೋರಾಗಿ ಉರಿಸಿ ಒಳಗಿನ ಬಣ್ಣ ಸುಟ್ಟುಹಾಕಬೇಕು.

ಕಟ್ಟಿಗೆಗೆ ನಮ್ಮಲ್ಲಿ ಬರವಿಲ್ಲ. ಹಾನಗಲ್ಲಿನ ಮಾವು, ಬದುವಿನ ಜಾಲಿ, ಹುಣಸೆ, ಪೇರಲ, ಒಣಗಿದ್ದರೆ ಎಲ್ಲವೂ ಆದೀತು. ಬಣ್ಣ ಬಳಿದದ್ದು, ಪ್ಲೈವುಡ್ ಬೇಡ. ಪೆಟ್ಟಿಗೆಯೊಳಗೆ 107ರಿಂದ 121 ಡಿಗ್ರಿ ಸೆಲ್ಸಿಯಸ್ ಇರಲಿ. ದಟ್ಟ ಬಿಳಿ ಹೊಗೆ ಬಂದರೆ ಕಟ್ಟಿಗೆ ಸರಿಯಾಗಿ ಉರಿಯುತ್ತಿಲ್ಲ, ಖಂಡ ಕಹಿಯಾಗುತ್ತದೆ. ತೆಳ್ಳಗೆ ನೀಲಿಯಾದರೆ ಸರಿ. ಕೋಳಿಯ ನಡುಭಾಗ 74 ಡಿಗ್ರಿ ಮುಟ್ಟಲೇಬೇಕು.

ಒಂದು ವ್ಯತ್ಯಾಸ ಮರೆಯಬಾರದು. ಜಂತಿಯ ಹೊಗೆ ದಿನಗಟ್ಟಲೆ ಮೆಲ್ಲಗೆ ನೀರು ಹೀರಿ, ಉಪ್ಪಿನ ಜೊತೆ ಸೇರಿ ಖಂಡವನ್ನು ತಿಂಗಳುಗಟ್ಟಲೆ ಕಾಯುತ್ತಿತ್ತು. ಡ್ರಮ್ಮಿನ ಬಿಸಿ ಹೊಗೆ ಕೆಲವು ತಾಸಿನಲ್ಲಿ ಬೇಯಿಸುತ್ತದೆ, ಕಾಯುವುದಿಲ್ಲ. ಹೊಗೆ ಹಿಡಿದಿದೆ ಎಂದು ಹೊರಗಿಟ್ಟರೆ ಕೆಡುತ್ತದೆ. ಫ್ರಿಜ್ಜಿನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಬೇಕು. ಹೊಗೆ, ಉಪ್ಪು ಹಾಕಿ ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ವರ್ಗೀಕರಿಸಿದೆ. ಹಬ್ಬಕ್ಕೊಮ್ಮೆ ಸರಿ, ದಿನಾ ಬೇಡ. ಕಾಡುಹಂದಿ, ಮೊಲ ಎಂದು ಬಾಯಿ ಚಪ್ಪರಿಸುವವರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ.

ಡ್ರಮ್ಮನ್ನು ಯಾರಾದರೂ ಒಂದು ವಾರದಲ್ಲಿ ಮಾಡಿಸಿಯಾರು. ಕಿಲೋಗೆ ಉಪ್ಪು ಎಷ್ಟು, ಎಳೆ ಎಷ್ಟು ತೆಳ್ಳಗೆ, ಯಾವ ಕಟ್ಟಿಗೆ, ಮಳೆಗಾಲದಲ್ಲಿ ಎಷ್ಟು ದಿನ, ಬೂಷ್ಟು ಬಂದರೆ ಏನು ಮಾಡಬೇಕು ಎನ್ನುವುದು ಮಾತ್ರ ಯಾವ ವಿಡಿಯೋದಲ್ಲೂ ಸಿಗುವುದಿಲ್ಲ. ಅದು ನಮ್ಮ ಮನೆಯ ಹಿರಿಯ ಹೆಂಗಸರಿಗೆ ಗೊತ್ತು. ಸಾವಿರ ವರ್ಷ ಕನ್ನಡದಲ್ಲಿ ಬರೆಯದೇ ಬಿಟ್ಟದ್ದು ಇದನ್ನೇ. ಅವರು ಇರುವಾಗಲೇ, ಜಾತಿಯ ನಾಚಿಕೆ ಪಕ್ಕಕ್ಕಿಟ್ಟು, ಕೇಳಿ ಬರೆದಿಟ್ಟುಕೊಳ್ಳೋಣ.