ಕೇಳಿ ಕಲಿತ ಭಾಷೆ: ‘ಸಾಂಬಾ’ ಹುಟ್ಟಿದ ಬಗೆ

ಒಂದೇ ಕಚೇರಿ. ಲೆಕ್ಕಪತ್ರ ವಿಭಾಗದ ಕಂಪ್ಯೂಟರಿನಲ್ಲಿ ವಿಂಡೋಸ್, ಪುಟ ವಿನ್ಯಾಸದವರ ಮೇಜಿನ ಮೇಲೆ ಮ್ಯಾಕ್, ಒಳಕೋಣೆಯಲ್ಲಿ ಹಗಲಿರುಳು ಓಡುವ ಯಂತ್ರದಲ್ಲಿ ಲಿನಕ್ಸ್. ಒಳಕೋಣೆಯ ಡಿಸ್ಕಿನಲ್ಲಿರುವ ಕಡತವನ್ನು ಉಳಿದವರು ತಮ್ಮ ಕಂಪ್ಯೂಟರಿನಲ್ಲೇ ಇದೆಯೆಂಬಂತೆ ತೆರೆಯುತ್ತಾರೆ, ತಿದ್ದುತ್ತಾರೆ, ಮುಚ್ಚುತ್ತಾರೆ. ಇದರಲ್ಲೊಂದು ವಿಶೇಷವಿದೆ ಎಂದು ಇಂದು ಯಾರಿಗೂ ಅನ್ನಿಸುವುದಿಲ್ಲ. ಆದರೆ ಇವು ಮೂಲತಃ ಒಂದರ ಮಾತು ಇನ್ನೊಂದಕ್ಕೆ ತಿಳಿಯದ ಯಂತ್ರಗಳು. ಇವುಗಳ ನಡುವೆ ದುಭಾಷಿಯಾಗಿ ನಿಂತ ತಂತ್ರಾಂಶದ ಹೆಸರು ಸಾಂಬಾ. ಅದು ಬಂದದ್ದು ಯಾವ ದೊಡ್ಡ ಕಂಪನಿಯ ಪ್ರಯೋಗಾಲಯದಿಂದಲೂ ಅಲ್ಲ, ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದ ಒಬ್ಬ ಸಂಶೋಧನಾ ವಿದ್ಯಾರ್ಥಿಯಿಂದ.

ಜಾಲದ ಮೂಲಕ ಕಡತ ಹಂಚಿಕೊಳ್ಳುವ ವಿಧಾನ ಆಗಲೇ ಇತ್ತು; ಒಂದಲ್ಲ, ಹಲವು ಇದ್ದವು. ಯುನಿಕ್ಸ್ ಯಂತ್ರಗಳಿಗೆ ಸನ್ ಕಂಪನಿ 1984ರಲ್ಲಿ ಎನ್‌ಎಫ್‌ಎಸ್ ಎಂಬ ಪದ್ಧತಿಯನ್ನು ಕೊಟ್ಟಿತು. ಪಿಸಿಗಳ ಲೋಕದಲ್ಲಿ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ 1980ರ ದಶಕದ ಆರಂಭದಲ್ಲಿ ರೂಪಿಸಿದ ಎಸ್‌ಎಂಬಿ ಬಳಕೆಗೆ ಬಂತು. ಮೈಕ್ರೋಸಾಫ್ಟ್ ಅದನ್ನು ತನ್ನದಾಗಿಸಿಕೊಂಡು ಬೆಳೆಸುತ್ತ ಹೋಯಿತು. ಹಳೆಯ ಭಾಗಕ್ಕೆ ಒಂದಷ್ಟು ದಾಖಲೆಗಳಿದ್ದವು. ಮುಂದೆ ಸೇರಿಸಿದ್ದರಲ್ಲಿ ಬಹುಪಾಲನ್ನು ಕಂಪನಿ ಹೊರಗೆ ಬಿಡಲಿಲ್ಲ.

1991ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಆ್ಯಂಡ್ರೂ ಟ್ರಿಜೆಲ್ ಅವರಿಗೆ ಬೇಕಾಗಿದ್ದುದು ಬಹಳ ಸಣ್ಣ ಸಂಗತಿ. ಅವರ ಬಳಿ ಡಾಸ್ ಓಡಿಸುವ ಒಂದು ಪಿಸಿ ಇತ್ತು, ವಿಭಾಗದಲ್ಲಿ ಸನ್ ಯಂತ್ರವಿತ್ತು. ಸನ್ ಯಂತ್ರದ ಡಿಸ್ಕು ಪಿಸಿಯಲ್ಲಿ ಕಾಣಬೇಕು, ಅಷ್ಟೆ. ಅವರು ಬಳಸುತ್ತಿದ್ದ ಡಿಜಿಟಲ್ ಕಂಪನಿಯ ‘ಪಾತ್‌ವರ್ಕ್ಸ್’ ಆ ಕಂಪನಿಯದೇ ಸರ್ವರುಗಳೊಡನೆ ಮಾತಾಡುತ್ತಿತ್ತು, ಸನ್ ಜತೆ ಇಲ್ಲ. ಟ್ರಿಜೆಲ್ ತಂತಿಯ ಮೇಲೆ ಹರಿದುಹೋಗುವ ಸಂದೇಶಗಳನ್ನು ಹಿಡಿದು ನೋಡುತ್ತ ಕೂತರು. ಕೆಲವೇ ದಿನಗಳಲ್ಲಿ ಅದೇ ಭಾಷೆಯಲ್ಲಿ ಉತ್ತರ ಕೊಡುವ ಸರ್ವರ್ ಬರೆದು, 1992ರ ಜನವರಿಯಲ್ಲಿ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ತಾವು ಕಲಿತದ್ದು ಎಸ್‌ಎಂಬಿ ಎಂಬುದು ಅವರಿಗೇ ಆಗ ಗೊತ್ತಿರಲಿಲ್ಲ! ಕೆಲ ಕಾಲದ ನಂತರ ಹೆಂಡತಿಯ ಪಿಸಿಯನ್ನು ಮನೆಯ ಲಿನಕ್ಸ್ ಯಂತ್ರಕ್ಕೆ ಜೋಡಿಸಹೊರಟಾಗ, ಮೈಕ್ರೋಸಾಫ್ಟಿನ ತಂತ್ರಾಂಶದೊಡನೆಯೂ ತಮ್ಮ ಹಳೆಯ ಸರ್ವರ್ ಮಾತಾಡುತ್ತದೆ ಎಂಬುದು ಕಂಡುಬಂತು.

ಹೀಗೆ ಕಲಿಯುವ ಬಗೆಗೆ ಟ್ರಿಜೆಲ್ ಮುಂದೆ ಒಂದು ಹೋಲಿಕೆ ಕೊಟ್ಟರು. ಫ್ರೆಂಚ್ ಬಾರದವನೊಬ್ಬ ಫ್ರೆಂಚ್ ಕಾಫಿ ಅಂಗಡಿಯಲ್ಲಿ ಕೂತು, ಗಿರಾಕಿ ಏನೆಂದಾಗ ಮಾಣಿ ಏನು ತಂದಿಟ್ಟ ಎಂದು ಗಮನಿಸುತ್ತ ಮಾತು ಕಲಿಯುವ ಹಾಗೆ ಇದು. ನಮ್ಮಲ್ಲಾದರೆ ಉಡುಪಿ ಹೋಟೆಲಿನ ಮೂಲೆಯ ಮೇಜು ಸಾಕು. ‘ಒಂದು ಬೈ ಟು’ ಎಂದಾಗಲೆಲ್ಲ ಎರಡು ಲೋಟಗಳು ಬರುವುದನ್ನು ನಾಲ್ಕು ಸಲ ನೋಡಿದವನಿಗೆ ನಿಘಂಟು ಬೇಡ. ಗಮನಿಸಬೇಕಾದ ಮಾತೆಂದರೆ, ಇವನು ಅಡುಗೆಮನೆಗೆ ನುಗ್ಗಿಲ್ಲ, ಪಾಕದ ಪುಸ್ತಕ ಕದ್ದಿಲ್ಲ. ಎಲ್ಲರ ಎದುರು ನಡೆದ ಮಾತನ್ನಷ್ಟೇ ಕೇಳಿದ್ದಾನೆ.

ಹೆಸರಿಗೂ ಒಂದು ಕಥೆಯಿದೆ. ಸಾಂಬಾ ಎನ್ನುವ ಮುಂಚೆ ಇದ್ದ ಹೆಸರು ‘ಎಸ್‌ಎಂಬಿ ಸರ್ವರ್’. ಆ ಹೆಸರು ತನ್ನದೆಂದು ಇನ್ನೊಂದು ಕಂಪನಿ 1994ರಲ್ಲಿ ತಗಾದೆ ತೆಗೆಯಿತು. ಟ್ರಿಜೆಲ್ ಯುನಿಕ್ಸ್ ಜತೆ ಬರುವ ಪದಪಟ್ಟಿಯಲ್ಲಿ ಎಸ್, ಎಂ, ಬಿ ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದಗಳನ್ನು ಕಂಪ್ಯೂಟರಿನಿಂದಲೇ ಹುಡುಕಿಸಿದರು. ‘ಸ್ಯಾಮನ್‌ಬೆರಿ’, ‘ಸ್ಕ್ರ್ಯಾಂಬಲ್’ ಮುಂತಾದವುಗಳ ನಡುವೆ ಬ್ರೆಜಿಲಿನ ನೃತ್ಯವೊಂದು ಸಿಕ್ಕಿತು. ಕನ್ನಡಿಗರಿಗೆ ಶಿವನ ನೆನಪಾದರೆ ತಪ್ಪೇನೂ ಇಲ್ಲ, ಆದರೆ ಸಂಬಂಧ ಮಾತ್ರ ಇಲ್ಲ.

ದುಭಾಷಿಯ ಕೆಲಸ ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಡಾಸ್‌ನಲ್ಲಿ ಕಡತದ ಹೆಸರು ಎಂಟಕ್ಷರ, ಚುಕ್ಕೆ, ಮತ್ತೆ ಮೂರಕ್ಷರ ಮೀರುವಂತಿರಲಿಲ್ಲ. ಯುನಿಕ್ಸ್‌ನಲ್ಲಿ ಹೆಸರು ಉದ್ದವಾಗಿರಬಹುದು. ಹಾಗಾಗಿ ಸಾಂಬಾ ಉದ್ದ ಹೆಸರನ್ನು ಕತ್ತರಿಸಿ, ಮೊಟಕು ಹೆಸರನ್ನು ಡಾಸ್‌ಗೆ ತೋರಿಸಿ, ಮೂಲ ಯಾವುದೆಂದು ತಾನು ನೆನಪಿಟ್ಟುಕೊಳ್ಳಬೇಕಾಯಿತು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ವಿಂಡೋಸ್ ಒಂದೇ ಎಂದೆಣಿಸುತ್ತದೆ, ಯುನಿಕ್ಸ್ ಬೇರೆ ಬೇರೆ ಎನ್ನುತ್ತದೆ. ವಿಂಡೋಸ್ ಒಂದು ಹೆಸರು ಕೇಳಿದರೆ, ಅದು ಯಾವ ರೂಪದಲ್ಲಿದೆಯೋ ಎಂದು ಸಾಂಬಾ ಕೆಲವೊಮ್ಮೆ ಇಡೀ ಕಡತಕೋಶವನ್ನೇ ತಡಕಬೇಕು. ‘ಅಡಗಿಸಿಟ್ಟ ಕಡತ’ ಎಂಬ ಡಾಸ್ ಗುರುತಿಗೆ ಯುನಿಕ್ಸ್‌ನಲ್ಲಿ ಜಾಗವೇ ಇಲ್ಲ. ಅದಕ್ಕೆ ಟ್ರಿಜೆಲ್ ಬಳಗ ಒಂದು ಉಪಾಯ ಮಾಡಿತು. ಕಡತವನ್ನು ಪ್ರೋಗ್ರಾಮಿನಂತೆ ಓಡಿಸಲು ಯುನಿಕ್ಸ್ ಕೊಡುವ ಅನುಮತಿಯ ಗುರುತುಗಳು ಸಾಮಾನ್ಯ ಪತ್ರಗಳ ಮಟ್ಟಿಗೆ ಖಾಲಿ ಬಿದ್ದಿರುತ್ತವೆ. ಡಾಸ್ ಗುರುತುಗಳನ್ನು ಅಲ್ಲಿ ಬಚ್ಚಿಡಬಹುದು! ಚೆಂದದ ಪರಿಹಾರವಲ್ಲ, ಆದರೆ ಕೆಲಸ ನಡೆಯಿತು. ಇಂಗ್ಲಿಷೇತರ ಲಿಪಿಗಳ ಪಾಡು ಇನ್ನೂ ಕಷ್ಟದ್ದಾಗಿತ್ತು. 2003ರ ಮೂರನೇ ಆವೃತ್ತಿಯಲ್ಲಿ ಸಾಂಬಾ ಯುನಿಕೋಡ್‌ಗೆ ಬಂದ ಮೇಲೆ ಕನ್ನಡದಲ್ಲಿ ಹೆಸರಿಟ್ಟ ಕಡತವೂ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೆಸರು ಕೆಡದೆ ಹೋಗಲು ದಾರಿಯಾಯಿತು.

ಇದಕ್ಕೆಲ್ಲ ಬೆಲೆ? ಸಾಂಬಾ ಉಚಿತ, ಅದರ ಮೂಲ ಸಂಕೇತವೂ ಮುಕ್ತ. ಟ್ರಿಜೆಲ್ ಹಣ ಕೇಳುವುದಿಲ್ಲ, ಪಿಜ್ಜಾ ಕಳಿಸಿದರೆ ಸಂತೋಷ ಎಂದು ತಂತ್ರಾಂಶದ ಜತೆಗಿನ ಟಿಪ್ಪಣಿಯಲ್ಲಿ ಬರೆದಿತ್ತು. ಅಮೆರಿಕದ ಅಭಿಮಾನಿಯೊಬ್ಬರು ಕಳಿಸಿದ ಪಿಜ್ಜಾ ಕೂಪನ್ನುಗಳಿಂದ ಕ್ಯಾನ್‌ಬೆರಾದ ಲಿನಕ್ಸ್ ಬಳಗ ಒಂದು ರಾತ್ರಿಯ ಊಟ ಮಾಡಿತಂತೆ.

ಆದರೆ ಪಿಜ್ಜಾದಿಂದ ತೀರುವ ಜಗಳವೊಂದಿತ್ತೆ? ಮೈಕ್ರೋಸಾಫ್ಟಿನ ಪ್ರತಿ ಹೊಸ ಆವೃತ್ತಿಯೊಂದಿಗೆ ಭಾಷೆ ಬದಲಾಗುತ್ತಿತ್ತು. ಸಾಂಬಾ ತಂಡ ಮತ್ತೆ ಮೂಲೆಯ ಮೇಜಿಗೆ ಮರಳಿ ಕಿವಿಗೊಡಬೇಕಿತ್ತು. ಸನ್ ಕಂಪನಿ 1998ರಲ್ಲಿ ಐರೋಪ್ಯ ಆಯೋಗಕ್ಕೆ ದೂರು ಕೊಟ್ಟಿತು. 2004ರ ಮಾರ್ಚಿನಲ್ಲಿ ಆಯೋಗ ಮೈಕ್ರೋಸಾಫ್ಟಿಗೆ 49 ಕೋಟಿ 70 ಲಕ್ಷ ಯೂರೋಗೂ ಮೀರಿದ ದಂಡ ಹಾಕಿ, ಸರ್ವರುಗಳ ಮಾತಿನ ವಿವರಗಳನ್ನು ಪ್ರತಿಸ್ಪರ್ಧಿಗಳಿಗೆ ಕೊಡಬೇಕೆಂದು ಆಜ್ಞಾಪಿಸಿತು. ಅದು ತನ್ನ ಶ್ರಮದ ಫಲ, ವ್ಯಾಪಾರದ ಗುಟ್ಟು ಎಂಬುದು ಕಂಪನಿಯ ವಾದ. ಸುಲಭಕ್ಕೆ ತಳ್ಳಿಹಾಕುವ ವಾದವಲ್ಲ ಇದು. ಆದರೆ ಪ್ರೋಗ್ರಾಮು ಬರೆದವನ ಸ್ವತ್ತು ಆ ಪ್ರೋಗ್ರಾಮು. ಅದು ಬೇರೆಯವರೊಡನೆ ಆಡುವ ಮಾತಿಗೂ ಪಹರೆ ಹಾಕಿದರೆ, ಗಿರಾಕಿ ತನ್ನದೇ ಕಡತಕ್ಕಾಗಿ ಒಂದೇ ಅಂಗಡಿಗೆ ಕಟ್ಟುಬೀಳುತ್ತಾನೆ.

ಕೊಡಲೊಪ್ಪಿದ ಮೇಲೂ ತೊಡಕಿತ್ತು. ಉಚಿತವಾಗಿ ಹಂಚುವ ತಂತ್ರಾಂಶ ಪ್ರತಿಗೆ ಇಷ್ಟೆಂದು ರಾಯಧನ ಕಟ್ಟುವುದು ಹೇಗೆ? 2007ರ ಸೆಪ್ಟೆಂಬರ್ 17ರಂದು ಲಕ್ಸೆಂಬರ್ಗಿನ ನ್ಯಾಯಾಲಯ ಆಯೋಗದ ಆಜ್ಞೆಯ ಮುಖ್ಯ ಭಾಗವನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ಸಾಂಬಾ ಪರವಾಗಿ ಒಂದು ಲಾಭರಹಿತ ಸಂಸ್ಥೆ ಒಮ್ಮೆಗೆ 10,000 ಯೂರೋ ಕಟ್ಟಿ ದಾಖಲೆಗಳನ್ನು ಪಡೆಯಿತು.

ಮುಂದಿನದು ಹಳೆಯ ಜಗಳ ನೋಡಿದವರಿಗೆ ನಂಬಲು ಕಷ್ಟ. ಮೈಕ್ರೋಸಾಫ್ಟಿನ ಎಂಜಿನಿಯರುಗಳೂ ಸಾಂಬಾ ತಂಡದವರೂ ಒಟ್ಟಿಗೆ ಕೂತು ಪರೀಕ್ಷೆ ನಡೆಸತೊಡಗಿದರು. 2011ರಲ್ಲಿ ಮೈಕ್ರೋಸಾಫ್ಟಿನಿಂದಲೇ ಸಾಂಬಾಕ್ಕೆ ಒಂದಷ್ಟು ಸಂಕೇತ ಬಂತು. ಸುಮಾರು ಹತ್ತು ವರ್ಷ ದುಡಿದು ಸಿದ್ಧಪಡಿಸಿದ ನಾಲ್ಕನೇ ಆವೃತ್ತಿ 2012ರ ಡಿಸೆಂಬರಿನಲ್ಲಿ ಹೊರಬಂದಾಗ, ಬಿಡುಗಡೆಯ ಪ್ರಕಟಣೆಯಲ್ಲಿ ದಾಖಲೆ ಮತ್ತು ಪರೀಕ್ಷೆಗಳ ನೆರವಿಗಾಗಿ ಮೈಕ್ರೋಸಾಫ್ಟಿನ ಎಂಜಿನಿಯರುಗಳನ್ನು ನೆನೆಯಲಾಗಿತ್ತು.