ಆಜೀವ ವ್ರತ: ದಕ್ಷಿಣ ಕನ್ನಡದ ಕಥೊಲಿಕ ಸಂನ್ಯಾಸ ಸಭೆಗಳಲ್ಲಿ

ಬಡತನ, ಬ್ರಹ್ಮಚರ್ಯ, ವಿಧೇಯತೆ ಈ ಮೂರನ್ನು ಉಸಿರಿರುವವರೆಗೆ ಪಾಲಿಸುವುದಾಗಿ ಕಥೊಲಿಕ ಸಂನ್ಯಾಸ ಸಭೆಗಳ ಸದಸ್ಯರು ದೇವರ ಮುಂದೆ, ಜನರ ಸಾಕ್ಷಿಯಲ್ಲಿ ಮಾಡುವ ಪ್ರತಿಜ್ಞೆ. ಅಂತಿಮ ವ್ರತ, ನಿತ್ಯ ವ್ರತ ಎಂದೂ ಕರೆಯುವುದುಂಟು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿನ ಕೃಷಿಕ ಮನೆಗಳಿಂದ ಅನೇಕ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಈ ದಾರಿ ಹಿಡಿದಿದ್ದಾರೆ.

ಈ ಸೀಮೆಯಲ್ಲಿ ಸಂನ್ಯಾಸದ ಪರಂಪರೆ ಒಮ್ಮೆ ಪೂರಾ ಕಡಿದುಹೋಗಿತ್ತು. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಗರ್ಜಿಗಳು ನೆಲಸಮವಾದವು. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿದ್ದ ಗುರುಮಠವೂ ಉಳಿಯಲಿಲ್ಲ. ಮೂಡುಬಿದಿರೆ ಸಮೀಪದ ಹೊಸ್ಪೇಟೆಯ ಪವಿತ್ರ ಶಿಲುಬೆಯ ಇಗರ್ಜಿ ಮಾತ್ರ, ಚೌಟ ಅರಸರ ಸ್ನೇಹದಿಂದ, ಉಳಿಯಿತೆಂದು ಹೇಳುತ್ತಾರೆ. 1799ರ ಬಳಿಕ ಸೆರೆಯಿಂದ ಮರಳಿ ಬಂದವರು ಮೊದಲು ಹೊಲ ಮನೆ ಕಟ್ಟಿಕೊಳ್ಳಬೇಕಿತ್ತು. ಕಾನ್ವೆಂಟುಗಳು ಬರಲು ಮತ್ತೆ 70 ವರ್ಷ ಹಿಡಿಯಿತು.

1870ರಲ್ಲಿ ಫ್ರಾನ್ಸಿನಿಂದ ಎರಡು ತಂಡಗಳು ಮಂಗಳೂರಿಗೆ ಬಂದವು. ಮದರ್ ವೆರೋನಿಕಾ ಸ್ಥಾಪಿಸಿದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಶಾಲೆ ಹಿಡಿದರು. ಇನ್ನೊಂದು, ಹೊರಲೋಕದ ಸಂಪರ್ಕವಿಲ್ಲದೆ ಪ್ರಾರ್ಥನೆಯಲ್ಲೇ ಬದುಕುವ ಕಾರ್ಮೆಲ್ ಮಠ. ಆ ಪಯಣದಲ್ಲೇ ಕೆಲವು ಭಗಿನಿಯರು ತೀರಿಕೊಂಡರು. ಬದುಕಿ ದಡ ಸೇರಿದವರಲ್ಲಿ ಗಲಿಲೇಯದ ಇಬಿಲ್ಲಿನ್ ಗ್ರಾಮದ ಅರಬ್ ಯುವತಿ ಮರಿಯಮ್ ಬವಾರ್ದಿ ಒಬ್ಬರು. ಓದುಬರಹ ಅಷ್ಟಾಗಿ ಬಾರದ ಈಕೆ ಮಠದ ಮನೆಗೆಲಸ ನೋಡಿಕೊಳ್ಳುವ ಭಗಿನಿಯಾಗಿದ್ದರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲಿ ವ್ರತ ಸ್ವೀಕರಿಸಿದರು. ಅವರ ದೈವಾನುಭವಗಳನ್ನು ಮೇಲಿನವರು ಸಂದೇಹಿಸಿ ಮರುವರ್ಷವೇ ಫ್ರಾನ್ಸಿಗೆ ಹಿಂದೆ ಕಳುಹಿಸಿದರು. ಆಕೆ ಮರುಮಾತಿಲ್ಲದೆ ಹೋದರು. ವಿಧೇಯತೆಯ ವ್ರತ ಎಷ್ಟು ಕಠಿಣವಾಗಬಲ್ಲದು ಎಂಬುದಕ್ಕೆ ಈ ಜಿಲ್ಲೆಯ ಚರಿತ್ರೆಯಲ್ಲಿ ಇದೊಂದು ನಿದರ್ಶನ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಹಳ್ಳಿಗಳ ಹೆಣ್ಣುಮಕ್ಕಳಿಗೆ ಬಾಗಿಲು ಅಗಲವಾಗಿ ತೆರೆದದ್ದು ಇಲ್ಲೇ ಹುಟ್ಟಿದ ಸಭೆಗಳಿಂದ. ಜೆಸ್ವಿಟ್ ಗುರು ಅರ್ಬನ್ ಸ್ಟೈನ್ 1887ರಲ್ಲಿ ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆಯನ್ನು ಆರಂಭಿಸಿದರು. 1921ರ ಜುಲೈ 16ರಂದು ಆರ್. ಎಫ್. ಸಿ. ಮಸ್ಕರೇನ್ಹಸ್ ಬೆಥನಿ ಸಭೆ ಸ್ಥಾಪಿಸಿದರು. ಗ್ರಾಮಗಳ ಬಾಲಕಿಯರ ಶಿಕ್ಷಣ ಅದರ ಮೊದಲ ಕಾಳಜಿಯಾಗಿತ್ತು. ಗುರುಮಠ ಹಾಳಾಗಿದ್ದ ಫರಂಗಿಪೇಟೆಯಲ್ಲೂ ಮುಂದೆ ಕಪುಚಿನ್ ಫ್ರಾನ್ಸಿಸ್ಕನರು ನೆಲೆಯಾದರು.

ಆಜೀವ ವ್ರತ ಒಂದು ಆವೇಶದ ನಿರ್ಧಾರವಲ್ಲ, ಆಗಲು ಧರ್ಮಸಭೆ ಬಿಡುವುದೂ ಇಲ್ಲ. 1983ರ ಧರ್ಮಸಭಾ ಸಂಹಿತೆಯ ಪ್ರಕಾರ ಕನಿಷ್ಠ 12 ತಿಂಗಳ ನವಶಿಷ್ಯತ್ವ ಮುಗಿಯಬೇಕು. ಆಮೇಲೆ ಸಾಮಾನ್ಯವಾಗಿ 3ರಿಂದ 6 ವರ್ಷ ತಾತ್ಕಾಲಿಕ ವ್ರತ. ಅಗತ್ಯವಿದ್ದರೆ ಅದನ್ನು 9 ವರ್ಷದವರೆಗೆ ಲಂಬಿಸಬಹುದು. ಅವಧಿ ಮುಗಿದಾಗ ಮನಸ್ಸಿಲ್ಲದವರು ಯಾವ ಕಳಂಕವೂ ಇಲ್ಲದೆ ಮನೆಗೆ ಮರಳಬಹುದು. 21 ತುಂಬದವರು ಆಜೀವ ವ್ರತ ತೊಟ್ಟರೆ ಅದಕ್ಕೆ ಬೆಲೆಯಿಲ್ಲ. ವ್ರತಕ್ಕೆ ಮುನ್ನ ತಮ್ಮ ಆಸ್ತಿಯ ಬಗ್ಗೆ ದೇಶದ ಕಾನೂನು ಒಪ್ಪುವಂಥ ಉಯಿಲು ಬರೆದಿಡಬೇಕು. ಗದ್ದೆ ತೋಟದಲ್ಲಿ ಪಾಲಿರುವ ಕುಟುಂಬಗಳಿಗೆ ಇದು ಬರಿಯ ಔಪಚಾರಿಕ ಕಾಗದವಲ್ಲ.

ಬಲಿಪೂಜೆಯ ನಡುವೆ ವಿಧಿ ನಡೆಯುತ್ತದೆ. ಸಂತರ ನಾಮಾವಳಿ ಹಾಡುವಾಗ ಅಭ್ಯರ್ಥಿ ನೆಲಕ್ಕೆ ಮುಖವಿಟ್ಟು ಸಾಷ್ಟಾಂಗ ಮಲಗುವುದು ವಾಡಿಕೆ. ಬಳಿಕ ಸಭೆಯ ಅಧಿಕಾರಿಯ ಎದುರು ವ್ರತವಾಕ್ಯ ಓದಿ ಸಹಿ ಹಾಕುತ್ತಾರೆ. ಅನೇಕ ಸಭೆಗಳಲ್ಲಿ ಭಗಿನಿಯರಿಗೆ ಉಂಗುರ ತೊಡಿಸುತ್ತಾರೆ.

ಬೆಳ್ತಂಗಡಿಯಲ್ಲಿ ಎರಡು ಪರಂಪರೆಗಳು ಅಕ್ಕಪಕ್ಕದಲ್ಲಿವೆ. ಲ್ಯಾಟಿನ್ ಧರ್ಮಕೇಂದ್ರಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದರೆ, ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ಕ್ರೈಸ್ತರಿಗಾಗಿ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ ರಚನೆಯಾಯಿತು. ಅವರ ಪರಂಪರೆಯ ಸಭೆಗಳಿಗೆ 1990ರ ಪೌರಸ್ತ್ಯ ಸಂಹಿತೆ ಅನ್ವಯಿಸುತ್ತದೆ. 2025ರಲ್ಲಿ ಅಲ್ಲಿಗೆ ಬಿಷಪರಾಗಿ ನೇಮಕಗೊಂಡ ಜೇಮ್ಸ್ ಪಟ್ಟೇರಿಲ್ ಕ್ಲರೇಷಿಯನ್ ಸಭೆಯವರು. ಸಂನ್ಯಾಸಿ ಬಿಷಪರಾದರೂ ವ್ರತದ ಬಂಧ ಕಳಚುವುದಿಲ್ಲ. ಆ ಪದವಿಗೆ ಹೊಂದದ ಕಟ್ಟುಪಾಡುಗಳಷ್ಟೇ ಸಡಿಲುತ್ತವೆ.